ಬರಗಾಲದ ಬಯಕೆ ಊಟ



ದತ್ತಿ ಉಪನ್ಯಾಸದ ವ್ಯವಹಾರ ನಮಗೆಲ್ಲ ಗೊತ್ತಿರುವುದೇ. ಯಾರೋ ಒಬ್ಬರು ಅಪ್ಪನ ಹೆಸರಿನಲ್ಲೋ ಅಮ್ಮನ ಹೆಸರಿನಲ್ಲೋ ಒಂದು ಇಡುಗಂಟು ಇಡುತ್ತಾರೆ. ಅದರ ಬಡ್ಡಿಯಲ್ಲಿ ವರ್ಷಕ್ಕೊಂದು ಭಾಷಣ, ಒಂದು ಶಾಲು, ಕೇಳಲು ಬಂದವರಿಗೆ ಚಹಾ ಮಂಡಕ್ಕಿ. ಬಡ್ಡಿದರ ಇಳಿದ ಮೇಲೆ ಮಂಡಕ್ಕಿ ಹೋಗಿ ಬಿಸ್ಕತ್ತು ಬಂದಿದೆ, ಇರಲಿ. ತೀರಿಕೊಂಡವರಿಗೆ ಉಳಿದವರು ಸಲ್ಲಿಸುವ ಋಣ ಬ್ಯಾಂಕಿನ ಠೇವಣಿಯಾಗಿ ಕೂತಿದೆ ಎನ್ನುವುದರಲ್ಲಿ ನಗುವಂಥದ್ದೇನೂ ಇಲ್ಲ. ನಮ್ಮ ಸೀಮೆಯಲ್ಲಿ ಸಾವಿರ ವರ್ಷದಿಂದ ನಡೆದು ಬಂದದ್ದು ಹೀಗೆಯೇ. ಆಗ ಠೇವಣಿ ಗದ್ದೆಯ ರೂಪದಲ್ಲಿತ್ತು, ಪಾಸ್‌ಬುಕ್ಕು ಕಲ್ಲಿನದಾಗಿತ್ತು.

ಇಂದಿನ ವಿಷಯ ಕಷ್ಟಕಾಲದಲ್ಲಿ ಕೃತಜ್ಞತೆ. ವಿಷಯ ಕೇಳಿದಾಗ ನನಗೆ ಮೊದಲು ಹುಟ್ಟಿದ್ದು ಸಣ್ಣ ಸಿಟ್ಟು. ಬೆಳಗಾದರೆ ಮೊಬೈಲಿನಲ್ಲಿ ಅರಳಿದ ಗುಲಾಬಿಯ ಜೊತೆ ಬರುವ ಉಪದೇಶ ಇದೇ ತಾನೇ? ಇರುವುದಕ್ಕೆ ಕೈಮುಗಿ, ಇಲ್ಲದ್ದನ್ನು ಎಣಿಸಬೇಡ. ಶುಂಠಿಗೆ ಕೊಳೆ ಬಿದ್ದು, ಹೊಲ ಅಡವಿಟ್ಟು ಕೂತವನ ಮುಂದೆ ಈ ಮಾತು ಹೇಳಿ ನೋಡಿ. ಅವನು ಕೈ ಮುಗಿಯುತ್ತಾನೆ, ಆದರೆ ‘ಸಾಕು, ಎದ್ದು ಹೋಗಿ’ ಎನ್ನುವ ಅರ್ಥದಲ್ಲಿ.

ಹಾಗೆಂದು ವಿಷಯವನ್ನೇ ತಳ್ಳಿಹಾಕಲು ಬರುವುದಿಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞರಾದ ರಾಬರ್ಟ್ ಎಮನ್ಸ್ ಮತ್ತು ಮೈಕಲ್ ಮೆಕಲ್ಲೊ 2003ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ವಿದ್ಯಾರ್ಥಿಗಳ ಒಂದು ಗುಂಪಿಗೆ ವಾರಕ್ಕೊಮ್ಮೆ ತಮಗೆ ಒದಗಿದ ಐದು ಒಳ್ಳೆಯ ಸಂಗತಿಗಳನ್ನು ಬರೆಯಲು ಹೇಳಿದರು, ಇನ್ನೊಂದು ಗುಂಪಿಗೆ ಕಿರಿಕಿರಿಗಳನ್ನು. ಹತ್ತು ವಾರ ಕಳೆದ ಮೇಲೆ ಮೊದಲಿನವರು ಬದುಕಿನ ಬಗ್ಗೆ ಹೆಚ್ಚು ನೆಮ್ಮದಿಯಿಂದಿದ್ದರು. ನರಸ್ನಾಯು ಕಾಯಿಲೆಯವರ ನಡುವೆಯೂ ಇಂಥದೇ ಪರೀಕ್ಷೆ ನಡೆಸಿದರು, ಅಲ್ಲೂ ಉಪಯೋಗ ಕಂಡಿತು. ಇದನ್ನು ನಾನು ನಂಬುತ್ತೇನೆ. ಆದರೆ ಅಲ್ಲಿ ನೋಟ್‌ಬುಕ್ಕಿನ ಆಚೆ ಯಾರೂ ಇಲ್ಲ. ಬರೆದವನಿಗೆ ಒಳ್ಳೆಯದಾಯಿತು, ಅಲ್ಲಿಗೆ ಮುಗಿಯಿತು. ಶಿಕಾರಿಪುರ, ಸೊರಬ, ನಮ್ಮ ಈ ಎರಡು ತಾಲ್ಲೂಕುಗಳ ದಾಖಲೆ ಬೇರೆ ಥರದ್ದು. ಇಲ್ಲಿ ಕೃತಜ್ಞತೆಗೆ ಎದುರಿಗೊಬ್ಬರು ಇರಲೇಬೇಕು, ಕೈಯಿಂದ ಏನಾದರೂ ಬಿಟ್ಟುಕೊಡಲೇಬೇಕು. ಆ ಕೊಡುವಿಕೆ ಹೆಚ್ಚಾಗಿ ನಡೆದಿರುವುದೂ ಕೆಟ್ಟ ಕಾಲದಲ್ಲೇ.

ಕಲ್ಲುಗಳಿಂದ ಶುರುಮಾಡುತ್ತೇನೆ. ಬಿ.ಎಲ್. ರೈಸ್ ಅವರು ಎಪಿಗ್ರಾಫಿಯಾ ಕರ್ನಾಟಿಕಾದ 7ನೇ ಸಂಪುಟವನ್ನು 1902ರಲ್ಲೂ 8ನೆಯದನ್ನು 1904ರಲ್ಲೂ ಹೊರತಂದರು. ಶಿಕಾರಿಪುರದ ಶಾಸನಗಳು ಮೊದಲಿನದರಲ್ಲಿ, ಸೊರಬದವು ಎರಡನೆಯದರಲ್ಲಿ. ಸೊರಬ ತಾಲ್ಲೂಕು ಒಂದರದೇ ಐನೂರಕ್ಕೂ ಹೆಚ್ಚು ಶಾಸನಗಳಿವೆ. ದೊಡ್ಡ ರಾಜರ ದೊಡ್ಡ ಪ್ರಶಸ್ತಿಗಳನ್ನು ಬದಿಗಿಟ್ಟರೆ ಉಳಿಯುವ ರಾಶಿಯಲ್ಲಿ ಬಹುಪಾಲು ವೀರಗಲ್ಲುಗಳು. ಗದ್ದೆಯ ಬದುವಿನಲ್ಲಿ, ಕೆರೆ ಏರಿಯ ಕೆಳಗೆ, ಗುಡಿಯ ಹಿಂದಿನ ಹುಲ್ಲಿನಲ್ಲಿ ನೀವೆಲ್ಲ ಇವನ್ನು ನೋಡಿದ್ದೀರಿ. ಕೆಲವು ಕಡೆ ಬಟ್ಟೆ ಒಗೆಯುವ ಕಲ್ಲಾಗಿಯೂ ನೋಡಿರುತ್ತೀರಿ. ಕೆಳಗಿನ ಅಂಕಣದಲ್ಲಿ ಹೋರಾಟ, ನಡುವೆ ಅಪ್ಸರೆಯರು ಸತ್ತ ವೀರನನ್ನು ಎತ್ತಿಕೊಂಡು ಹೋಗುವುದು, ಮೇಲೆ ಲಿಂಗದ ಮುಂದೆ ಅವನು ಕೈಮುಗಿದು ಕೂತಿರುವುದು.

ಚಿತ್ರ ನೋಡಿ ನಾವು ಮುಂದೆ ಹೋಗುತ್ತೇವೆ. ಅಂಕಣಗಳ ನಡುವಿನ ಪಟ್ಟಿಯಲ್ಲಿ ಬರೆದದ್ದನ್ನು ಓದಬೇಕು. ಕಳ್ಳರು ಊರ ದನಗಳನ್ನು ಹೊಡೆದುಕೊಂಡು ಹೋದರು, ಇವನು ಬೆನ್ನಟ್ಟಿ ತುರು ಮರಳಿಸಿ ಸತ್ತ. ಊರ ಮೇಲೆ ದಾಳಿ ಬಂತು, ಹೆಂಗಸರ ಮೈಮೇಲೆ ಕೈ ಮಾಡಿದರು, ಇವನು ಅಡ್ಡ ನಿಂತು ಸತ್ತ. ಅಂದರೆ ಅದು ಊರಿನ ಅತ್ಯಂತ ಕೆಟ್ಟ ದಿನದ ವರದಿ. ಹಟ್ಟಿ ಬರಿದಾಗಿದೆ, ಮನೆ ಸುಟ್ಟಿದೆ, ಹೆಣ ಇನ್ನೂ ಮಣ್ಣಾಗಿಲ್ಲ. ಅಂಥ ಹೊತ್ತಿನಲ್ಲಿ ಊರು ಏನು ಮಾಡುತ್ತದೆ ಎಂದರೆ ಅವನ ಹೆಂಡತಿ ಮಕ್ಕಳಿಗೆ ಗದ್ದೆ ಬಿಡುತ್ತದೆ. ಇಷ್ಟು ಮತ್ತರು, ಇಂಥ ಕೆರೆಯ ಕೆಳಗೆ, ಇಂಥ ಗಡಿ. ನೆತ್ತರುಗೊಡಗೆ ಎಂದು ಅದಕ್ಕೆ ಹೆಸರು, ಕಲ್ನಾಡು ಎಂದೂ ಉಂಟು. ಇದನ್ನು ಕಿತ್ತುಕೊಂಡವನು ಕಾಶಿಯಲ್ಲಿ ಕವಿಲೆಯನ್ನು ಕೊಂದ ಪಾಪಕ್ಕೆ ಹೋಗಲಿ ಎಂದು ಕೊನೆಯಲ್ಲಿ ಶಾಪ. ಶಾಪ ಯಾಕೆ ಬೇಕಿತ್ತು? ಎರಡು ತಲೆಮಾರು ಕಳೆದರೆ ಉಪಕಾರ ಮರೆತು ಗದ್ದೆಗೆ ಕೈ ಹಾಕುತ್ತಾರೆ ಎಂಬುದು ಕಲ್ಲು ನೆಟ್ಟವರಿಗೆ ಚೆನ್ನಾಗಿ ಗೊತ್ತಿತ್ತು. ಅವರು ಮನುಷ್ಯನ ಒಳ್ಳೆಯತನವನ್ನು ನಂಬಿ ಕೂರಲಿಲ್ಲ, ಅದನ್ನು ಕಾಗದ ಪತ್ರಕ್ಕೆ ತಂದರು.

ವೀರಗಲ್ಲನ್ನು ಹೊಗಳುವವರು ನುಂಗಿಕೊಳ್ಳುವ ಒಂದು ಮಾತೂ ಉಂಟು. ಆ ಜಗಳಗಳಲ್ಲಿ ಎಷ್ಟೋ ಇಬ್ಬರು ಸಾಮಂತರ ನಡುವಿನ ಒಣ ಹಗೆತನಗಳು. ಸತ್ತವನು ಯಾರದೋ ಮನೆಯ ಆಳು. ಅಪ್ಸರೆಯ ಚಿತ್ರ ಮುಂದಿನ ಹುಡುಗನನ್ನು ಸಾಯಲು ಕರೆಯುವ ಜಾಹೀರಾತು ಕೂಡ ಹೌದು. ಆದರೂ, ಅಪ್ಸರೆಯನ್ನು ಕೊಟ್ಟು ಗದ್ದೆಯನ್ನು ಉಳಿಸಿಕೊಳ್ಳುವ ಚಾಲಾಕಿತನ ಅವರಲ್ಲಿ ಇರಲಿಲ್ಲ.

ಬಂದಳಿಕೆಯ ಜಕ್ಕಿಯಬ್ಬೆಯ ಶಾಸನ ಇದಕ್ಕಿಂತ ದೊಡ್ಡ ಸಂಗತಿ. ಬಂದಳಿಕೆ ಇಲ್ಲೇ, ಶಿಕಾರಿಪುರ ತಾಲ್ಲೂಕಿನಲ್ಲೇ ಇದೆ. ಊರು ಹೋಗಿ ಗುಡಿಗಳಷ್ಟೇ ಉಳಿದಿವೆ. 10ನೇ ಶತಮಾನದ ಆರಂಭ, ರಾಷ್ಟ್ರಕೂಟರ ಕಾಲ. ನಾಗರಖಂಡ ಎಪ್ಪತ್ತರ ನಾಳ್ಗಾವುಂಡನಾಗಿದ್ದ ಸತ್ತರಸ ನಾಗಾರ್ಜುನ ಅಧಿಕಾರದಲ್ಲಿರುವಾಗಲೇ ತೀರಿಕೊಂಡ. ಅರಸ ಆ ಪದವಿಯನ್ನು ಅವನ ಹೆಂಡತಿಗೆ ಕೊಟ್ಟ. ಇಂದಿನ ಅನುಕಂಪದ ನೌಕರಿಯಲ್ಲಿ ಎಸ್‌ಡಿಎ ಹುದ್ದೆಗೆ ವರ್ಷಗಟ್ಟಲೆ ಅಲೆಯುವವರು ಇದನ್ನು ಕೇಳಿಸಿಕೊಳ್ಳಬೇಕು: ಗಂಡ ಕೂತಿದ್ದ ಕುರ್ಚಿಯನ್ನೇ ಕೊಟ್ಟರು. ಶಾಸನ ಆಕೆಯನ್ನು ಪಾಪದ ವಿಧವೆ ಎನ್ನುವುದಿಲ್ಲ, ಆಳುವುದರಲ್ಲಿ ನಿಪುಣೆ ಎನ್ನುತ್ತದೆ. ಕೊನೆಗೆ ಮೈಗೆ ರೋಗ ಬಂದಾಗ ಮಗಳನ್ನು ಕರೆಸಿ ಎಲ್ಲವನ್ನೂ ಒಪ್ಪಿಸಿ, ಬಂದಳಿಕೆಯ ತೀರ್ಥಕ್ಕೆ ಬಂದು ಸಲ್ಲೇಖನ ವ್ರತ ಹಿಡಿದು ದೇಹ ಬಿಟ್ಟಳು. ಪಡೆದದ್ದನ್ನು ಆಕೆ ಮುಂದಕ್ಕೆ ದಾಟಿಸಿದಳು, ಅದೂ ಮಗಳಿಗೆ.

ಬಳ್ಳಿಗಾವೆಯ ಕೋಡಿಮಠದ ಬಗ್ಗೆ ಇಲ್ಲಿ ಹೆಚ್ಚು ಹೇಳಬೇಕಿಲ್ಲ, ಶಾಲೆಯಲ್ಲೇ ಓದಿದ್ದೀರಿ. 1162ರ ಶಾಸನ ಆ ಮಠದಲ್ಲಿ ನಾಲ್ಕು ವೇದ, ವ್ಯಾಕರಣಗಳ ಪಾಠ ನಡೆಯುತ್ತಿದ್ದುದನ್ನು ಹೇಳಿ, ಅದೇ ಉಸಿರಿನಲ್ಲಿ ಬಡವರು, ದಿಕ್ಕಿಲ್ಲದವರು, ಕುಂಟರು, ಕುರುಡರು, ಕಿವುಡರಿಗೆ ಊಟ, ರೋಗಿಗಳಿಗೆ ಮದ್ದು ಸಿಗುತ್ತಿದ್ದುದನ್ನೂ ಹೇಳುತ್ತದೆ. ಹಾಡುವವರು, ಕುಣಿಯುವವರು ಕೂಡ ಅದೇ ಪಂಕ್ತಿಯಲ್ಲಿ. ಉಂಡವರು ಏನು ಹೇಳಬೇಕು ಎಂಬ ನಿಯಮವನ್ನು ಮಾತ್ರ ಶಾಸನ ಬರೆದಿಲ್ಲ.

ಇನ್ನು ಭೂಮಿ ಹುಣ್ಣಿಮೆಗೆ ಬರೋಣ. ಸೊರಬ, ಸಾಗರ, ಹೊಸನಗರದ ಕಡೆಯವರಿಗೆ ಇದನ್ನು ವಿವರಿಸುವುದು ಅಧಿಕಪ್ರಸಂಗವೇ. ಆದರೆ ಶಿಕಾರಿಪುರದ ಬಯಲು ಕಡೆಯಲ್ಲಿ ಭತ್ತ ಹೋಗಿ ಮೆಕ್ಕೆಜೋಳ ಬಂದು, ಹಬ್ಬ ತೆಳುವಾಗಿದೆ. ಜೋಳದ ದಂಟಿಗೆ ಬಯಕೆ ಇದೆಯೋ ಇಲ್ಲವೋ ಯಾರೂ ವಿಚಾರಿಸಿದ ಹಾಗಿಲ್ಲ.

ಆಶ್ವಯುಜದ ಹುಣ್ಣಿಮೆ, ಸೀಗಿ ಹುಣ್ಣಿಮೆ ಎಂದೂ ಕರೆಯುತ್ತೇವೆ. ಗದ್ದೆಯಲ್ಲಿ ಭತ್ತ ಹೊಡೆ ತುಂಬಿ ನಿಂತಿರುತ್ತದೆ, ತೆನೆ ಇನ್ನೂ ಹೊರಗೆ ಪೂರ್ತಿ ಬಂದಿರುವುದಿಲ್ಲ. ಅಂದರೆ ಭೂಮಿ ಬಸುರಿ. ಬಸುರಿಗೆ ಬಯಕೆ ಊಟ ಹಾಕಬೇಕು. ನಮ್ಮ ದೀವರ ಮನೆಗಳಲ್ಲಿ ಇದರ ಸಿದ್ಧತೆ ಮಹಾನವಮಿಯ ಹೊತ್ತಿಗೇ ಶುರು. ಬಿದಿರಿನ ಬುಟ್ಟಿಗೆ ಸಗಣಿ ಬಳಿದು ಒಣಗಿಸಿ, ಅದರ ಮೇಲೆ ಕೆಮ್ಮಣ್ಣು ಬಳಿದು, ಮತ್ತೆ ಒಣಗಿಸುತ್ತಾರೆ. ನೆನೆಸಿದ ಅಕ್ಕಿಯನ್ನು ನುಣ್ಣಗೆ ಅರೆದ ಬಿಳಿ ಬಣ್ಣ. ಪುಂಡಿ ನಾರನ್ನು ಜಜ್ಜಿ ಮಾಡಿದ ಕುಂಚ. ಬುಟ್ಟಿ ಬರೆಯುವ ಹೆಂಗಸರ ಪಕ್ಕ ಒಮ್ಮೆ ಕೂತು ನೋಡಿ: ಕೈ ಬುಟ್ಟಿಯ ಮೇಲೆ ಊರುವುದಿಲ್ಲ, ನಾರಿನ ತುದಿಯಷ್ಟೇ ತಾಗುತ್ತದೆ. ಎಳೆ ಎಳೆದದ್ದು ಸೊಟ್ಟಗಾದರೆ ಒರೆಸುವ ಪದ್ಧತಿ ಇಲ್ಲ. ಪಕ್ಕದ ಎಳೆಯನ್ನೂ ಅದಕ್ಕೆ ಹೊಂದಿಸಿ ಸೊಟ್ಟಗೆ ಎಳೆಯುತ್ತಾರೆ, ನೋಡಿದವರಿಗೆ ಅದೇ ವಿನ್ಯಾಸ. ದೊಡ್ಡದು ಭೂಮಣ್ಣಿ ಬುಟ್ಟಿ, ಸಣ್ಣದು ಗದ್ದೆಗೆ ಬೀರುವ ಅಚ್ಚಂಬಲಿಗೆ.

ಹಿಂದಿನ ರಾತ್ರಿ ಅಡುಗೆಮನೆಯ ಬೆಂಕಿ ಆರುವುದಿಲ್ಲ. ಅಮಟೆಕಾಯಿ, ಹಾಗಲ, ಕೆಸು, ಬಸಳೆ, ಕಾಡಿನ ಎಷ್ಟೋ ಬಗೆಯ ಕುಡಿ. ಸೌತೆಕಾಯಿಯ ಕಡುಬು, ಹೋಳಿಗೆ, ಮೊಸರನ್ನ. ಬೆಳಗಿನ ಜಾವ ಗಂಡಸರು ಬೆಳಕು ಹಿಡಿದು ಗದ್ದೆಗೆ ಹೋಗಿ, ಭೂಮ್ತಾಯಿಯನ್ನು ಉಣ್ಣಲು ಕರೆಯುತ್ತ ಚರಗ ಬೀರುತ್ತಾರೆ. ಬೆಳಕು ಹರಿದ ಮೇಲೆ ಮನೆ ಮಂದಿಯೆಲ್ಲ ಹೊರಡುತ್ತಾರೆ. ಭತ್ತದ ಬುಡಕ್ಕೆ ಪೂಜೆ, ಮನೆಯೊಡತಿಯ ಒಡವೆ ಗಿಡದ ಕೊರಳಿಗೆ. ಎಡೆಯಲ್ಲಿ ಕಾಗೆಗೆ ಒಂದು ಪಾಲು, ಇಲಿಗೆ ಒಂದು ಪಾಲು. ಬೆಳೆ ತಿನ್ನುವ ಇಲಿಗೆ! ಕೆಲವು ಕಡೆ ಒಂದು ಕಡುಬನ್ನು ಗದ್ದೆಯಲ್ಲೇ ಹೂಳುತ್ತಾರೆ, ಕೊಯ್ಲಿನ ಹೊತ್ತಿಗೆ ತೆಗೆಯುತ್ತಾರೆ. ಆಮೇಲೆ ಬದುವಿನ ಮೇಲೆ ಕೂತು ಎಲ್ಲರ ಊಟ.

ಈ ಹಬ್ಬವನ್ನು ಹೊರಗಿನಿಂದ ನೋಡಿ ಬರೆಯುವವರು ಸುಗ್ಗಿಯ ಸಂಭ್ರಮ ಎಂದು ಬರೆದುಬಿಡುತ್ತಾರೆ. ಸುಗ್ಗಿ ಎಲ್ಲಿದೆ? ಕೊಯ್ಲಿಗೆ ಇನ್ನೂ ಒಂದು ತಿಂಗಳ ಮೇಲಿದೆ. ಹೋದ ವರ್ಷದ ಭತ್ತ ಕಣಜದ ತಳ ಮುಟ್ಟಿದೆ. ಪಡಿತರದ ಅಕ್ಕಿ ಇಲ್ಲದ ಕಾಲದಲ್ಲಿ ಮಲೆನಾಡಿನ ಬಡವರಿಗೆ ವರ್ಷದ ಅತಿ ಬಿಗಿಯಾದ ದಿನಗಳು ಇವೇ. ಅಷ್ಟೊಂದು ಸೊಪ್ಪು ಕುಡಿ ಈ ಅಡುಗೆಯಲ್ಲಿ ಬಂದದ್ದು ಭಕ್ತಿಯಿಂದ ಮಾತ್ರವೆಂದು ನನಗನ್ನಿಸುವುದಿಲ್ಲ. ಮನೆಯಲ್ಲಿ ಅಕ್ಕಿ ಕಡಿಮೆ, ಕಾಡಿನಲ್ಲಿ ಸೊಪ್ಪು ಧಾರಾಳ. ಉಣ್ಣಲು ಇಲ್ಲದ ಹೊತ್ತಿನಲ್ಲಿ, ಇನ್ನೂ ಏನನ್ನೂ ಕೊಡದ ಭೂಮಿಗೆ, ಮೊದಲು ತಾವು ಉಣ್ಣಿಸುವುದು. ಬಂದ ಮೇಲೆ ಹೇಳುವ ಥ್ಯಾಂಕ್ಸ್ ಸುಲಭ. ಬರುವ ಮೊದಲೇ, ಬಾರದೆಯೂ ಹೋಗಬಹುದಾದ್ದಕ್ಕೆ ಎಡೆ ಇಡುವುದಕ್ಕೆ ಎದೆಗಾರಿಕೆ ಬೇಕು.

2023ರಲ್ಲಿ ಆ ಎದೆಗಾರಿಕೆಯ ಪರೀಕ್ಷೆಯೇ ಆಯಿತು. ಮುಂಗಾರು ಕೈಕೊಟ್ಟು ರಾಜ್ಯದ 223 ತಾಲ್ಲೂಕುಗಳು ಬರಪೀಡಿತ ಎಂದು ಘೋಷಣೆಯಾದ ವರ್ಷ ಅದು. ಮಲೆನಾಡೂ ಆ ಪಟ್ಟಿಯಿಂದ ತಪ್ಪಿಸಿಕೊಳ್ಳಲಿಲ್ಲ. ಅಕ್ಟೋಬರ್ 28ಕ್ಕೆ ಭೂಮಿ ಹುಣ್ಣಿಮೆ, ಅದೇ ರಾತ್ರಿ ಚಂದ್ರಗ್ರಹಣ ಬೇರೆ. ನೀರಿಲ್ಲದೆ ಗದ್ದೆ ಬಿರುಕು ಬಿಟ್ಟಿತ್ತು, ಎಷ್ಟೋ ಕಡೆ ಹೊಡೆ ಒಳಗೇ ಒಣಗಿತ್ತು. ಆದರೂ ಬುಟ್ಟಿ ಬರೆದರು, ಚರಗ ಬೀರಿದರು. ಒಣಗಿದ ಗದ್ದೆಗೆ ಯಾಕೆ ಎಂದು ಕೇಳಿದರೆ, ಬಸುರು ನಿಲ್ಲದವಳಿಗೆ ಊಟ ಹಾಕಬಾರದು ಅಂತ ಎಲ್ಲಿದೆ ಎಂದು ನಮ್ಮ ಬಂಧು ಅಜ್ಜಿಯೊಬ್ಬರು ನನ್ನನ್ನೇ ತಿರುಗಿ ಕೇಳಿದರು. ಉತ್ತರ ನನ್ನಲ್ಲಿ ಇರಲಿಲ್ಲ. ಅದೇ ಅಜ್ಜಿ ಮಾರನೆಯ ವಾರ ಬೆಳೆ ಪರಿಹಾರದ ಅರ್ಜಿಗೆ ಪಹಣಿ, ಆಧಾರ್ ಕಾರ್ಡು ಹಿಡಿದು ಸಾಲಿನಲ್ಲಿ ನಿಂತಿದ್ದರು. ಭೂಮಿಗೆ ಕೃತಜ್ಞತೆ, ಸರ್ಕಾರಕ್ಕೆ ಅರ್ಜಿ. ಎರಡನ್ನೂ ಅವರು ಬೆರೆಸಲಿಲ್ಲ. ನಾವು ಓದಿದವರು ಬೆರೆಸುತ್ತೇವೆ.

ಬೆರೆಸಿದರೆ ಏನಾಗುತ್ತದೆ ಎಂಬುದಕ್ಕೆ ಪಕ್ಕದ ಸಾಗರ ತಾಲ್ಲೂಕಿನ ಕಾಗೋಡು ಸಾಕ್ಷಿ. 1951ರ ಏಪ್ರಿಲ್‌ನಲ್ಲಿ ಅಲ್ಲಿನ ಗೇಣಿದಾರರು ಸತ್ಯಾಗ್ರಹಕ್ಕೆ ಇಳಿದರು. ಎಚ್. ಗಣಪತಿಯಪ್ಪ ಮುಂದೆ ನಿಂತರು, ಶಾಂತವೇರಿ ಗೋಪಾಲಗೌಡ ಮತ್ತು ಸಮಾಜವಾದಿಗಳು ಜೊತೆಗೂಡಿದರು, ಬೆಂಬಲಕ್ಕೆ ಬಂದ ರಾಮಮನೋಹರ ಲೋಹಿಯಾ ಬಂಧನಕ್ಕೊಳಗಾದರು. ಜಗಳದ ಮೂಲದಲ್ಲಿ ಇದ್ದದ್ದು ಒಂದು ಕೊಳಗ. ಗೇಣಿ ಅಳೆಯಲು ಒಡೆಯರ ಮನೆಯ ಕೊಳಗ, ಅದು ಸರ್ಕಾರಿ ಅಳತೆಗಿಂತ ದೊಡ್ಡದು. ಭೂಮಿ ಕೊಟ್ಟ ಧಣಿ, ಅನ್ನ ಹಾಕಿದ ಧಣಿ, ಅವನೆದುರು ಅಳತೆಯ ಮಾತೆತ್ತುವುದು ಉಪಕಾರಗೇಡಿತನ ಎಂದು ತಲೆತಲಾಂತರದಿಂದ ಹೇಳಿಕೊಡಲಾಗಿತ್ತು. ಚರಗ ಬೀರುತ್ತಿದ್ದ ಅದೇ ಕೈಗಳು ಆ ಕೊಳಗವನ್ನು ಪಕ್ಕಕ್ಕೆ ಸರಿಸಿದವು. ಭೂಮಿಯ ಋಣ ತೀರಿಸುತ್ತಲೇ ಧಣಿಯ ಹಂಗನ್ನು ಹರಿದುಕೊಂಡರು. ಉಳುವವನಿಗೆ ಹೊಲ ಕೊಡುವ ತಿದ್ದುಪಡಿ ಕಾನೂನು ಜಾರಿಗೆ ಬರಲು 1974 ಆಗಬೇಕಾಯಿತು. ಕೃತಜ್ಞತೆಯನ್ನು ಮೇಲಿನಿಂದ ಕೇಳಿ ಪಡೆಯುವವರು ಎದುರಾದಾಗಲೆಲ್ಲ ನನಗೆ ಆ ಕೊಳಗದ ನೆನಪು ಬರುತ್ತದೆ.

ಉಡುತಡಿಯ ಅಕ್ಕಮಹಾದೇವಿಯ ಸೀಮೆಯಲ್ಲಿ ನಿಂತು ಅಕ್ಕನನ್ನು ಬಿಟ್ಟು ಹೋಗುವಂತಿಲ್ಲ. ಆಕೆ ಒಂದು ವಚನದಲ್ಲಿ ದಾರಿಯ ಮೇಲೆ ತನಗೆ ಸಿಗುವುದನ್ನು ಲೆಕ್ಕ ಹಾಕುತ್ತಾಳೆ: ಹಸಿವಿಗೆ ಊರಿನ ಭಿಕ್ಷಾನ್ನ, ಬಾಯಾರಿಕೆಗೆ ಕೆರೆ ಹಳ್ಳ ಬಾವಿ, ನಿದ್ದೆಗೆ ಹಾಳು ದೇಗುಲ. ಇನ್ನೊಂದರಲ್ಲಿ ಇದಕ್ಕೆ ತದ್ವಿರುದ್ಧ, ಸಿಕ್ಕ ತುತ್ತೂ ನೆಲಕ್ಕೆ ಬಿದ್ದು ನಾಯಿಯ ಪಾಲಾಗಲಿ ಎಂದು ದೇವರನ್ನೇ ಬೇಡುತ್ತಾಳೆ. ಎರಡನ್ನೂ ಬರೆದವಳು ಒಬ್ಬಳೇ. ಮೊದಲಿನದನ್ನು ಮಾತ್ರ ಸಮಾರಂಭಗಳಲ್ಲಿ ಹಾಡಿಸಿ, ನೋಡಿ ಎಷ್ಟು ತೃಪ್ತಿ ಎನ್ನುವುದು ಅರ್ಧ ಅಕ್ಕ. ಸಿಕ್ಕಿದ್ದನ್ನು ಸಿಕ್ಕಿತೆಂದು ಎಣಿಸಿದವಳು ಯಾರ ಹಂಗಿನಲ್ಲೂ ಉಳಿಯಲು ಒಪ್ಪಲಿಲ್ಲ.

ಕೊನೆಯದು ಸೊರಬದವರಿಗೆ ಹೆಚ್ಚು ಹತ್ತಿರದ ಕಥೆ. 1957ರ ಬೇಸಿಗೆಯಲ್ಲಿ ಈ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದವು. ಸೌದೆಗೆ, ಸೊಪ್ಪಿಗೆ, ತರಗೆಲೆಗೆ ಹೋದ ಜನ ಜ್ವರ ಬಂದು ಮಲಗಿದರು. ಹಳದಿ ಜ್ವರ ಇಂಡಿಯಾಕ್ಕೂ ಬಂತೇ ಎಂಬ ಭಯಕ್ಕೆ ಪುಣೆಯ ವೈರಸ್ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಓಡಿ ಬಂದರು. ಮಂಗಗಳಿಂದಲೂ ಕಾಯಿಲೆಯವರ ನೆತ್ತರಿನಿಂದಲೂ ಹೊಸದೊಂದು ವೈರಸ್ ಸಿಕ್ಕಿತು. ಅದನ್ನು ಹರಡುವುದು ಉಣುಗು ಎಂದು ಗೊತ್ತಾಯಿತು. ಜಗತ್ತಿನ ವೈದ್ಯಕೀಯ ಪುಸ್ತಕಗಳಲ್ಲೆಲ್ಲ ಕ್ಯಾಸನೂರು ಎಂಬ ಹೆಸರು ಸೇರಿತು. ಅಂದು ತೋಳು ಚಾಚಿ ನೆತ್ತರು ಕೊಟ್ಟವರು ನಮ್ಮ ಹಳ್ಳಿಗಳ ಜ್ವರದ ಕೂಲಿಕಾರರು. ವೀರಗಲ್ಲಿನ ಕಾಲವಾಗಿದ್ದರೆ ಅವರ ಮನೆಗಳಿಗೆ ನೆತ್ತರುಗೊಡಗೆ ಬರಬೇಕಿತ್ತು. ಬಂದದ್ದು ಲಸಿಕೆ, ಅದು ದೊಡ್ಡದೇ. ಆದರೆ ಪರಿಣಾಮ ಸಾಲದೆಂದು 2022ರಲ್ಲಿ ಅದೂ ನಿಂತಿತು. ಅದಕ್ಕೂ ಮೊದಲೇ, 2019ರಲ್ಲಿ, ಸಾಗರ ತಾಲ್ಲೂಕಿನ ಅರಳಗೋಡು ಕಡೆ ಕಾಯಿಲೆ ಮತ್ತೆ ಎಷ್ಟು ಜೀವ ತಿಂದಿತೆಂಬುದು ನಿಮಗೆ ಮರೆತಿಲ್ಲ.

ಇಂದು ಕಾಡಂಚಿನ ಮನೆಗಳಿಗೆ ಉಣುಗು ಕಚ್ಚದ ಹಾಗೆ ಹಚ್ಚಿಕೊಳ್ಳುವ ಎಣ್ಣೆ ಕೊಟ್ಟು, ಮಂಗ ಸತ್ತ ಸುದ್ದಿ ಆಸ್ಪತ್ರೆಗೆ ಮುಟ್ಟಿಸಿ, ಜ್ವರದವರನ್ನು ವಿಚಾರಿಸುವವರು ಆಶಾ ಕಾರ್ಯಕರ್ತೆಯರು. ಬಸ್ಸಿಲ್ಲದ ದಾರಿ, ಏರು, ಇಳಿಜಾರು, ಜಿಗಣೆ. ಕೊರೊನಾ ಬಂದಾಗ ಮನೆಮನೆಗೆ ಹೋಗಿ ಬಾಗಿಲು ತಟ್ಟಿದವರೂ ಅವರೇ. ಕೆಲವರು ಬಾಗಿಲು ತೆರೆಯದೆ ಒಳಗಿನಿಂದಲೇ ಬೈದರು. 2020ರ ಮಾರ್ಚ್ 22ರ ಸಂಜೆ 5 ಗಂಟೆಗೆ ನಾವೆಲ್ಲ ಅಂಗಳದಲ್ಲಿ ನಿಂತು ಇವರಿಗಾಗಿ ತಟ್ಟೆ ಬಡಿದೆವು, ಜಾಗಟೆ ಬಾರಿಸಿದೆವು. ನಾನೂ ಬಡಿದೆ, ಸುಳ್ಳು ಹೇಳುವುದಿಲ್ಲ, ಆ ಹೊತ್ತಿಗೆ ಕಣ್ಣೂ ತುಂಬಿತ್ತು. ಅದೇ ವರ್ಷ ಜುಲೈ 10ರಿಂದ ರಾಜ್ಯದ ಆಶಾ ಕಾರ್ಯಕರ್ತೆಯರು ಕೆಲಸ ನಿಲ್ಲಿಸಿ ಮುಷ್ಕರ ಹೂಡಿದರು. ಕೇಳಿದ್ದು ತಿಂಗಳಿಗೆ 12,000 ರೂಪಾಯಿಯ ನಿಗದಿತ ಗೌರವಧನ. ಆಗ ತಟ್ಟೆಯ ಸದ್ದು ಯಾವ ಅಂಗಳದಿಂದಲೂ ಬರಲಿಲ್ಲ. ಕಾಯಿಲೆಯ ಕಾಲದಲ್ಲಿ ಹೀಗೆ ಮಾಡಬಹುದೇ, ಸೇವೆಗೆ ಬೆಲೆ ಕಟ್ಟುತ್ತಾರಲ್ಲ ಎಂದು ನಮ್ಮಂಥವರೇ ಕಟ್ಟೆಯ ಮೇಲೆ ಕೂತು ಮಾತಾಡಿದೆವು.

ಬೆಲೆ ಕಟ್ಟಬಾರದು ಎಂಬ ಈ ಸಂಕೋಚ ನಮಗೆ ಎಲ್ಲಿಂದ ಬಂತೋ ನನಗೆ ತಿಳಿಯದು, ಈ ಮಣ್ಣಿನದಂತೂ ಅಲ್ಲ. ಊರು ಉಳಿಸಿದವನ ಮನೆಗೆ ಇಷ್ಟು ಮತ್ತರು ಎಂದು ಅಳೆದು, ಗಡಿ ಬರೆದು, ಕಿತ್ತುಕೊಂಡವನಿಗೆ ಶಾಪ ಹಾಕಿದ ಜನ ಇಲ್ಲಿಯವರು. 2025ರ ಜನವರಿಯಲ್ಲಿ ಆಶಾ ಕಾರ್ಯಕರ್ತೆಯರು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಚಳಿಗೆ ರಸ್ತೆಯ ಮೇಲೆ ಮಲಗಿ ಧರಣಿ ಮಾಡಿದಾಗ, ಏಪ್ರಿಲ್‌ನಿಂದ ತಿಂಗಳಿಗೆ ಕನಿಷ್ಠ 10,000 ರೂಪಾಯಿ ಸಿಗುವಂತೆ ಮಾಡುತ್ತೇವೆ ಎಂಬ ಭರವಸೆ ಸಿಕ್ಕಿತು. ಅದು ಜಾರಿಯಾಗಲಿಲ್ಲವೆಂದು ಆಗಸ್ಟ್‌ನಲ್ಲಿ ಮತ್ತೆ ಧರಣಿ ಕೂತರು. ನಮ್ಮ ಎರಡು ತಾಲ್ಲೂಕುಗಳ ಗ್ರಾಮ ಪಂಚಾಯಿತಿ ಸದಸ್ಯರು ಈ ಸಭೆಯಲ್ಲಿ ಕೆಲವರಾದರೂ ಇದ್ದೀರಿ. ನಿಮ್ಮ ಮುಂದಿನ ಗ್ರಾಮಸಭೆಯಲ್ಲಿ ಈ ವಿಷಯಕ್ಕೆ ಒಂದು ನಿರ್ಣಯ ಬರೆಸಿ, ನಡವಳಿ ಪುಸ್ತಕದಲ್ಲಿ, ಮೊತ್ತ ಸಮೇತ.